ಐದಾರು ಸಲ ತಿನ್ನಿಸಿ ಅಂತೀರಿ, ಪದೇ ಪದೇ ತಿನ್ನಿಸಬೇಡಿ ಅಂತೀರಿ: ತಾಯಂದಿರಿಗೆ ಯಾವುದನ್ನು ಹೇಳಲಿ?

ಪ್ರಶ್ನೆ: ನಾನು ಆರೋಗ್ಯ ಕಾರ್ಯಕರ್ತೆ. ತಿಂಗಳಿಗೊಮ್ಮೆ ಚಿಕ್ಕ ಮಕ್ಕಳ ತೂಕ, ಎತ್ತರ ಅಳೆಯುತ್ತೇನೆ. ವಯಸ್ಸಿಗೆ ತಕ್ಕ ಎತ್ತರ ಬಾರದ, ಅಥವಾ ಆ ಕಡೆ ಜಾರುತ್ತಿರುವ ಮಕ್ಕಳ ತಾಯಂದಿರಿಗೆ 'ಸ್ವಲ್ಪ ಸ್ವಲ್ಪವೇ ಕೊಡಿ, ಆದರೆ ದಿನಕ್ಕೆ ಐದಾರು ಸಲ ಕೊಡಿ, ಎದೆಹಾಲು ಬಿಡಿಸಬೇಡಿ' ಅಂತ ಹೇಳಿಕೊಡುತ್ತೇವೆ. ಈಗ ಅದೇ ತಾಯಂದಿರಿಗೆ ಹಲ್ಲು, ಬಾಯಿ ಬಗ್ಗೆಯೂ ಕಲಿಸಬೇಕಂತೆ. ಕೊಟ್ಟಿರುವ ಹಾಳೆಯಲ್ಲಿ 'ಪದೇ ಪದೇ ತಿನ್ನಿಸಬೇಡಿ, ರಾತ್ರಿ ಹಾಲು ನಿಲ್ಲಿಸಿ' ಎಂದಿದೆ. ಓದಿ ಹೇಳಿದೆ, ಒಬ್ಬ ತಾಯಿ ನನ್ನ ಮುಖ ನೋಡಿ ನಕ್ಕೇಬಿಟ್ಟರು. ಯಾವುದು ಸರಿ? ಹಲ್ಲಿಗೂ ಎತ್ತರಕ್ಕೂ ನಿಜಕ್ಕೂ ಸಂಬಂಧ ಇದೆಯಾ? ಅರ್ಧ ಗಂಟೆಯಲ್ಲಿ ಇದನ್ನೆಲ್ಲ ಹೇಗೆ ಕಲಿಸಲಿ? ಇನ್ನೊಂದು: ನಕ್ಕ ಆ ತಾಯಿಯ ಇಪ್ಪತ್ತು ತಿಂಗಳ ಮಗುವಿಗೆ ಮೇಲಿನ ಮುಂದಿನ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿವೆ.

ಉತ್ತರ: ಆ ತಾಯಿ ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಅದೇ ಕುರ್ಚಿಯಲ್ಲಿ ಕೂತು ಹೋದ ತಿಂಗಳು ಒಂದು ಹೇಳಿ, ಈ ತಿಂಗಳು ಅದಕ್ಕೆ ತದ್ವಿರುದ್ಧ ಹೇಳಿದರೆ ಅವರು ಇನ್ನೇನು ಮಾಡಬೇಕು? ಈ ಗೊಂದಲ ನಿಮ್ಮದಲ್ಲ. ಮಕ್ಕಳ ಹಲ್ಲಿನ ಡಾಕ್ಟರುಗಳಾದ ನಾವು ಮಾಡಿಟ್ಟಿದ್ದು. ನಮ್ಮ ಹಾಳೆಗಳನ್ನು ಹೆಚ್ಚಾಗಿ ಬರೆಯುವುದು ಹೊಟ್ಟೆ ತುಂಬಿದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅದನ್ನೇ ಎತ್ತಿಕೊಂಡು ಹೋಗಿ, ಬೆಳವಣಿಗೆಗೆ ಪರದಾಡುತ್ತಿರುವ ಮಗುವಿನ ತಾಯಿಗೆ ಓದಿ ಹೇಳಿದರೆ ಹಲ್ಲು ಉಳಿಸಲು ಹೋಗಿ ಊಟ ಕಿತ್ತುಕೊಂಡ ಹಾಗಾಗುತ್ತದೆ.

ಹಾಗಾಗಿ ಮೊದಲು ನೇರ ಉತ್ತರ. ಐದಾರು ಸಲ ತಿನ್ನಿಸುವುದನ್ನು ನಿಲ್ಲಿಸಬೇಡಿ. ಎದೆಹಾಲನ್ನೂ ನಿಲ್ಲಿಸಬೇಡಿ. ಆ ಹಾಳೆಯಲ್ಲಿ 'ಪದೇ ಪದೇ ತಿನ್ನಿಸಬೇಡಿ' ಎಂದಿರುವ ಕಡೆ ಪೆನ್ನಿನಲ್ಲಿ ಹೊಡೆದು 'ಪದೇ ಪದೇ ಸಿಹಿ ಕೊಡಬೇಡಿ' ಅಂತ ಬರೆದುಕೊಳ್ಳಿ. ಹಲ್ಲು ಲೆಕ್ಕ ಇಡುವುದು ಸಕ್ಕರೆ ಎಷ್ಟು ಸಲ ಬಂತು ಅಂತ. ಊಟ ಎಷ್ಟು ಸಲ ಬಂತು ಅನ್ನುವುದು ಅದಕ್ಕೆ ಅಷ್ಟಾಗಿ ಬೇಕಿಲ್ಲ.

ಯಾಕೆ ಅಂದರೆ, ಬಾಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಅವು ಅದನ್ನು ಆಮ್ಲ ಮಾಡಿಬಿಡುತ್ತವೆ. ಹಲ್ಲಿನ ಮೇಲಿನ ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿಯಿತು ಅಂದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರಲು ಶುರು. ಆಮೇಲೆ ಜೊಲ್ಲು ನಿಧಾನವಾಗಿ ಆಮ್ಲವನ್ನು ತೊಳೆದು, ಕಳೆದುಹೋದದ್ದರಲ್ಲಿ ಒಂದಿಷ್ಟನ್ನು ಹಲ್ಲಿಗೆ ವಾಪಸ್ ಕಟ್ಟುತ್ತದೆ. ಈ ರಿಪೇರಿಗೆ ಅರ್ಧ ಗಂಟೆಯೋ ಅದಕ್ಕಿಂತ ಜಾಸ್ತಿಯೋ ಬೇಕು. ರಿಪೇರಿ ಮುಗಿಯುವ ಮೊದಲೇ ಇನ್ನೊಂದು ಬಿಸ್ಕತ್ತು, ಇನ್ನೊಂದು ಗುಟುಕು ಸಿಹಿ ಪಾನೀಯ ಬಂದರೆ ಹಲ್ಲು ದಿನವಿಡೀ ಕರಗುತ್ತಲೇ ಇರುತ್ತದೆ. ಬೇಳೆ, ಮೊಟ್ಟೆ, ತರಕಾರಿ, ಸಕ್ಕರೆ ಹಾಕದ ಹಾಲು, ಮೊಸರು ಇಂಥದ್ದನ್ನು ಐದಾರು ಸಲ ತಿಂದ ಮಗುವಿನ ಬಾಯಲ್ಲಿ ಆ ಮಟ್ಟದ ಹಾನಿ ಆಗುವುದಿಲ್ಲ. ಆದರೆ ಎರಡೇ ಸಲ ಊಟ ಮಾಡಿ ಮಧ್ಯೆ ಮಧ್ಯೆ ಸಿಹಿ ನೀರು ಚೀಪುತ್ತಾ ಓಡಾಡುವ ಮಗುವಿನ ಹಲ್ಲು ಖಂಡಿತ ಹೋಗುತ್ತದೆ. ಎತ್ತರವೂ ಬರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಣಕಲು ಮಗುವೊಂದರ ತಾಯಿಗೆ 'ಮೂರು ಹೊತ್ತು ಊಟ ಸಾಕು, ಮಧ್ಯೆ ಏನೂ ಬೇಡ' ಅಂತ ಬಹಳ ಗಂಭೀರವಾಗಿ ಹೇಳಿ ಕಳಿಸಿದ್ದೆ. ಮೂರು ತಿಂಗಳಾದ ಮೇಲೆ ಬಂದರು. ಹಲ್ಲು ಹಾಗೇ ಇತ್ತು, ತೂಕ ಮಾತ್ರ ಇಳಿದಿತ್ತು. ಆಕೆ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಆಮೇಲಿಂದ ಯಾವ ಮಗುವಿಗೇ ಆಗಲಿ, ಬೆಳವಣಿಗೆಯ ಕಾರ್ಡು ನೋಡದೆ ಊಟದ ಬಗ್ಗೆ ಬಾಯಿ ಬಿಡುವುದಿಲ್ಲ.

ಇನ್ನು ಸಿಹಿಯ ವಿಷಯ. ಎಷ್ಟೋ ತಾಯಂದಿರು ಸಕ್ಕರೆ ಹಾಕುವುದು ರುಚಿಗಲ್ಲ, 'ಶಕ್ತಿ ಬರಲಿ' ಅಂತ. ಮಗು ಬೆಳೆಯುತ್ತಿಲ್ಲ ಎಂದು ನಾವೇ ಹೆದರಿಸಿರುತ್ತೇವಲ್ಲ, ಅದರ ಪರಿಣಾಮ ಇದು. ಹಾಗಾಗಿ 'ಸಕ್ಕರೆ ಹಾಕಬೇಡಿ' ಅಂತ ಹೇಳಿ ಸುಮ್ಮನಾದರೆ ಆಕೆಗೆ ಮಗುವಿನ ಬಟ್ಟಲಿನಿಂದ ಏನೋ ತೆಗೆದ ಹಾಗೆ ಅನಿಸುತ್ತದೆ. ಬದಲಿಗೆ ಏನು ಹಾಕಬೇಕು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿ: ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ. ಒಂದು ಗ್ರಾಂ ಸಕ್ಕರೆಯಲ್ಲಿ ಇರುವುದು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಅಂದರೆ ಎರಡರಷ್ಟಕ್ಕಿಂತ ಜಾಸ್ತಿ. ಮೇಲಾಗಿ ಕೊಬ್ಬಿನಿಂದ ಬ್ಯಾಕ್ಟೀರಿಯಾ ಆಮ್ಲ ಮಾಡಲಾರದು. ಪುಟ್ಟ ಹೊಟ್ಟೆಯಲ್ಲಿ ಸ್ವಲ್ಪವೇ ಜಾಗ ಇರುವ ಮಗುವಿಗೆ ಇದಕ್ಕಿಂತ ಒಳ್ಳೆ ಅದಲು ಬದಲು ಇಲ್ಲ. ನನ್ನ ಅನುಭವದಲ್ಲಿ ತಾಯಂದಿರು ತಕ್ಷಣ ಒಪ್ಪುವ ಮಾತೂ ಇದೇ, ಯಾಕೆಂದರೆ ಇದು ಹಲ್ಲಿನ ಪಾಠದ ಹಾಗೆ ಕೇಳುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ 6ರಿಂದ 23 ತಿಂಗಳ ಮಕ್ಕಳ ಆಹಾರದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲೂ ಸಿಹಿ ಪಾನೀಯ ಬೇಡವೇ ಬೇಡ, ಸಕ್ಕರೆ ಜಾಸ್ತಿ ಇರುವ ತಿನಿಸು ಬೇಡ, ಶುದ್ಧ ಹಣ್ಣಿನ ರಸವನ್ನೂ ಮಿತಿಯಲ್ಲಿಡಿ ಎಂದಿದೆ. ಇದು ಪೋಷಣೆಯವರ ಮಾತು. ಹಲ್ಲಿನವರ ಮಾತೂ ಅಕ್ಷರಶಃ ಅದೇ. ನೋಡಿ, ನಿಜಕ್ಕೂ ಜಗಳ ಇರಲೇ ಇಲ್ಲ. ಕೆಟ್ಟದಾಗಿ ಬರೆದ ಒಂದು ಹಾಳೆ ಇತ್ತು, ಅಷ್ಟೇ.

ಒಂದು ಎಚ್ಚರಿಕೆ. 'ಪೌಷ್ಟಿಕ' ಎಂದು ಬರೆದ ಡಬ್ಬಿ, ಪೊಟ್ಟಣಗಳಲ್ಲಿ ಸಕ್ಕರೆ ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತದೆ: ಗ್ಲುಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಹೀಗೆ. ಸಾಮಾನ್ಯವಾಗಿ ಯಾವುದು ಜಾಸ್ತಿಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯುತ್ತಾರೆ. ಮೊದಲ ಮೂರು ಹೆಸರಿನಲ್ಲಿ ಇವುಗಳಲ್ಲೊಂದು ಕಂಡರೆ ಅದನ್ನು ಸಿಹಿ ತಿನಿಸಿನ ಲೆಕ್ಕಕ್ಕೆ ಹಾಕಿ. ಆದರೆ ಅಪೌಷ್ಟಿಕತೆಯ ಚಿಕಿತ್ಸೆಗೆಂದು ವೈದ್ಯರೇ ಕೊಡುವ ಪೇಸ್ಟಿನಂಥ ಆಹಾರದ ಪೊಟ್ಟಣಗಳ ಮಾತು ಬೇರೆ. ಅದರಲ್ಲೂ ಸಕ್ಕರೆ ಇದೆ, ಹೌದು. ಆದರೂ ಅದು ಔಷಧಿಯ ಹಾಗೆ, ಹಲ್ಲಿನ ನೆಪದಲ್ಲಿ ನಿಲ್ಲಿಸಬಾರದು. ಕೊಟ್ಟಾದ ಮೇಲೆ ಒಂದೆರಡು ಗುಟುಕು ನೀರು ಕುಡಿಸಿ, ರಾತ್ರಿ ತಪ್ಪದೆ ಬ್ರಷ್ ಮಾಡಿದರಾಯಿತು. ಆರು ತಿಂಗಳು ತುಂಬದ ಕೂಸಿಗೆ ಈ ಪೊಟ್ಟಣ ಕೊಡುವುದಿಲ್ಲ, ನೀರೂ ಬೇಡ.

ಈಗ ಎತ್ತರಕ್ಕೂ ಹಲ್ಲಿಗೂ ಇರುವ ಸಂಬಂಧ. ವಯಸ್ಸಿಗೆ ಇರಬೇಕಾದ ಮಧ್ಯಮ ಎತ್ತರಕ್ಕಿಂತ ಎರಡು ಎಸ್‌ಡಿಗಿಂತ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಮಕ್ಕಳ ಎತ್ತರ ಮಧ್ಯಮದಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತದೆ ಅನ್ನುವ ಅಳತೆ) ಹೆಚ್ಚು ಕೆಳಗಿದ್ದರೆ ಕುಂಠಿತ ಬೆಳವಣಿಗೆ ಅನ್ನುತ್ತೇವೆ, ಇದು ನಿಮಗೆ ಗೊತ್ತಿರುವುದೇ. 2022ರ ಅಂದಾಜಿನಲ್ಲಿ ಜಗತ್ತಿನ ಐದು ವರ್ಷದೊಳಗಿನ ಸುಮಾರು 14.8 ಕೋಟಿ ಮಕ್ಕಳು ಈ ಗೆರೆಯ ಕೆಳಗಿದ್ದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಬಾಯಿ ಆರೋಗ್ಯದ ವರದಿಯಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳ ಸಂಖ್ಯೆ ಸುಮಾರು 51 ಕೋಟಿ. ಎರಡೂ ಪಟ್ಟಿಯಲ್ಲಿ ಇರುವ ಮಕ್ಕಳು ಕಡಿಮೆಯೇನಲ್ಲ. ಬಡತನ, ಕೊಳಕು ನೀರು, ಸಮಯ ಸಿಗದ ತಾಯಿ, ಅಗ್ಗದ ಸಿಹಿ ತಿನಿಸು, ಎರಡಕ್ಕೂ ಇವೇ ಬೇರು.

ಬೇರು ಒಂದೇ ಅನ್ನುವುದಷ್ಟೇ ಅಲ್ಲ, ಒಂದು ಇನ್ನೊಂದನ್ನು ತಳ್ಳುತ್ತದೆ ಕೂಡ. ಹಾಲುಹಲ್ಲುಗಳು ಗಟ್ಟಿಯಾಗಲು ಶುರುವಾಗುವುದು ಹೊಟ್ಟೆಯಲ್ಲಿದ್ದಾಗಲೇ, ಬಸಿರಿನ ನಾಲ್ಕನೇ ತಿಂಗಳ ಹೊತ್ತಿಗೆ. ಹುಟ್ಟಿದ ಮೇಲೂ ಸುಮಾರು ಒಂದು ವರ್ಷ ಆ ಕೆಲಸ ನಡೆದಿರುತ್ತದೆ. ಆರನೇ ವರ್ಷಕ್ಕೆ ಬರುವ ಶಾಶ್ವತ ದವಡೆ ಹಲ್ಲಿನ ಮೇಲ್ಭಾಗ ತಯಾರಾಗುವುದೂ ಹುಟ್ಟಿನಿಂದ ಮೂರು ವರ್ಷದೊಳಗೆ. ಅಂದರೆ ಬಹುಪಾಲು ಕೆಲಸ ನೀವು 'ಮೊದಲ ಸಾವಿರ ದಿನ' ಅಂತ ಪದೇ ಪದೇ ಹೇಳುವ, ಬಸಿರಿನಿಂದ ಎರಡು ವರ್ಷದವರೆಗಿನ ಆ ಅವಧಿಯಲ್ಲೇ. ಆಗ ತಾಯಿಗೋ ಮಗುವಿಗೋ ಆಹಾರ ಸಾಲದಿದ್ದರೆ, ಪದೇ ಪದೇ ಜ್ವರ ಭೇದಿ ಕಾಡಿದರೆ, ಎನಾಮೆಲ್ ತೆಳ್ಳಗೆ, ಗುಳಿ ಗುಳಿಯಾಗಿ ಬೆಳೆಯಬಹುದು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯದ ಮೇಲೆ ಹೊಸ ಚರ್ಮ ಬರುತ್ತದೆ, ಎನಾಮೆಲ್ ಮಾತ್ರ ಒಂದೇ ಸಲ. ಅದನ್ನು ಮಾಡಿದ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೆ ಉಳಿದೇ ಇರುವುದಿಲ್ಲ. ಹಾಗಾಗಿ ಇಂಥ ಮಗುವಿನ ಹಲ್ಲು ಶುರುವಿನಿಂದಲೇ ತೆಳು ಗೋಡೆಯ ಮನೆ. ಅದೇ ಸಕ್ಕರೆ ಪಕ್ಕದ ಮನೆಯ ಮಗುವಿಗೆ ಏನೂ ಮಾಡದೆ ಇರಬಹುದು, ಇದಕ್ಕೆ ಬೇಗ ತೂತು ಮಾಡುತ್ತದೆ. ಅಪೌಷ್ಟಿಕತೆಯಲ್ಲಿ ಜೊಲ್ಲು ಕಡಿಮೆಯಾಗುವುದೂ ಇದೆ, ತೊಳೆಯುವ ಕೈಯೇ ಸೋತ ಹಾಗೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಬರುತ್ತದೆ, ಎರಡೂವರೆಯಿಂದ ಮೂರು ವರ್ಷಕ್ಕೆ ಇಪ್ಪತ್ತೂ ಬಂದಿರುತ್ತವೆ. ಬೆಳವಣಿಗೆ ಹಿಂದೆ ಬಿದ್ದ ಮಕ್ಕಳಲ್ಲಿ ಇದೂ ತಡವಾಗಬಹುದು. 'ಹಲ್ಲೇ ಬಂದಿಲ್ಲ, ಗಟ್ಟಿ ಊಟ ಯಾಕೆ' ಅಂತ ಮೇಲೂಟವನ್ನು ಮುಂದೂಡುವವರಿದ್ದಾರೆ. ಬೇಡ. ಆರು ತಿಂಗಳು ತುಂಬಿದ ಮೇಲೆ ಹಲ್ಲು ಇರಲಿ ಬಿಡಲಿ, ಮೆತ್ತಗೆ ಹಿಸುಕಿದ ಊಟ ಶುರುವಾಗಲೇಬೇಕು. ಒಸಡೇ ಸಾಕು ಅದಕ್ಕೆ.

ಇನ್ನು ಹುಳುಕು ಹಲ್ಲಿನಿಂದ ಬೆಳವಣಿಗೆಯ ಕಡೆಗೆ. ನೋವಿರುವ ಮಗು ಎಷ್ಟೋ ಸಲ ಅಳುವುದೇ ಇಲ್ಲ, ಇದು ತಾಯಂದಿರಿಗೆ ಮುಖ್ಯವಾಗಿ ಹೇಳಬೇಕಾದ ವಿಷಯ. ನೋವು ಅದಕ್ಕೆ ಮಾಮೂಲಾಗಿಬಿಟ್ಟಿರುತ್ತದೆ. ಅದು ಮಾಡುವುದೇನು ಅಂದರೆ ಒಂದೇ ಕಡೆ ಅಗಿಯುತ್ತದೆ, ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತದೆ, ಅಗಿಯಬೇಕಾದದ್ದನ್ನು ಉಗುಳಿ ಮೆತ್ತಗಿನದ್ದು, ಸಿಹಿಯದ್ದು ಕೇಳುತ್ತದೆ. 'ಇವನು ಹಟಮಾರಿ, ಊಟ ಸೇರಲ್ಲ' ಅಂತ ಹಣೆಪಟ್ಟಿ ಹಚ್ಚಿದ ಎಷ್ಟು ಮಕ್ಕಳ ಬಾಯಿ ತೆರೆಸಿ ನೋಡಿದಾಗ ಹಿಂದಿನ ದವಡೆ ಹಲ್ಲಲ್ಲಿ ತೂತು ಕಂಡಿದ್ದೇನೆ! ರಾತ್ರಿ ನಿದ್ದೆಯೂ ಸರಿ ಇರುವುದಿಲ್ಲ. ಕೀವು ಕಟ್ಟಿದ್ದರೆ ದೇಹ ಅದರ ಜೊತೆ ಹೋರಾಡುತ್ತಾ ಇರುತ್ತದೆ. ಹುಳುಕು ಜಾಸ್ತಿ ಇರುವ ಚಿಕ್ಕ ಮಕ್ಕಳಲ್ಲಿ ಕಬ್ಬಿಣದ ಕೊರತೆ, ರಕ್ತಹೀನತೆ ಹೆಚ್ಚಾಗಿ ಕಂಡದ್ದೂ ಇದೆ.

ಆದರೆ ಒಂದು ಗೆರೆ ದಾಟಬೇಡಿ. 'ಹಲ್ಲು ತಿಕ್ಕಿದರೆ ಮಗು ಎತ್ತರ ಆಗುತ್ತದೆ' ಅಂತ ದಯವಿಟ್ಟು ಹೇಳಬೇಡಿ. ಹುಳುಕು ಹಲ್ಲಿಗೆ ಚಿಕಿತ್ಸೆ ಕೊಟ್ಟ ಮೇಲೆ ಕೆಲವು ಅಧ್ಯಯನಗಳಲ್ಲಿ ಮಕ್ಕಳ ತೂಕ ಏರಿದೆ, ಕೆಲವದರಲ್ಲಿ ನೋವು ಹೋಗಿ ಹಸಿವು ಚೆನ್ನಾಗಾಯಿತೇ ಹೊರತು ತೂಕ, ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲ್ಲು ಚೆನ್ನಾಗಿದ್ದರೆ ಮಗು ಕೊಟ್ಟದ್ದನ್ನು ತಿನ್ನುತ್ತದೆ, ಇಷ್ಟನ್ನು ಹೇಳಿ. ತಾಯಂದಿರಿಗೆ ಅಷ್ಟೇ ಸಾಕಾಗುತ್ತದೆ.

ರಾತ್ರಿ ಎದೆಹಾಲು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ನಿಮ್ಮನ್ನು ಸಿಕ್ಕಿಸಿ ಹಾಕುವ ಪ್ರಶ್ನೆ ಇದೇ. ಮೊದಲ ವರ್ಷದ ಎದೆಹಾಲಿನಿಂದ ಹಲ್ಲಿಗೆ ಒಳ್ಳೆಯದೇ, ಬಾಟಲಿ ಹಾಲು ಕುಡಿದವರಿಗಿಂತ ಎದೆಹಾಲು ಕುಡಿದವರಲ್ಲಿ ಹುಳುಕು ಕಡಿಮೆ. ವರ್ಷ ದಾಟಿದ ಮೇಲೆ, ಅದರಲ್ಲೂ ರಾತ್ರಿಯಿಡೀ ಮೊಲೆ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಹುಳುಕು ಜಾಸ್ತಿ ಎಂದು ಅಧ್ಯಯನಗಳು ಹೇಳುತ್ತವೆ, ಇದೂ ನಿಜ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುವುದು ಒಂದು ಕಾರಣ. ಆದರೆ ಆ ಮಕ್ಕಳು ಹಗಲಲ್ಲಿ ಸಿಹಿ ಎಷ್ಟು ತಿಂದರು, ರಾತ್ರಿ ಯಾರಾದರೂ ಹಲ್ಲು ತಿಕ್ಕಿದರಾ ಅನ್ನುವುದನ್ನೂ ಸೇರಿಸಿಕೊಂಡು ನೋಡಬೇಕು. ಕೊಳೆ ತುಂಬಿದ, ಸಕ್ಕರೆ ಮೆತ್ತಿದ ಹಲ್ಲಿನ ಮೇಲೆ ಹಾಲು ನಿಲ್ಲುವುದು ಬೇರೆ, ತಿಕ್ಕಿದ ಹಲ್ಲಿನ ಮೇಲೆ ನಿಲ್ಲುವುದು ಬೇರೆ.

ನನ್ನ ತೀರ್ಮಾನ ಹೀಗಿದೆ. ಬೆಳವಣಿಗೆ ಹಿಂದೆ ಬಿದ್ದಿರುವ ಮಗುವಿಗೆ ಎರಡು ವರ್ಷದವರೆಗೆ, ಅದಕ್ಕಿಂತ ಮುಂದೆಯೂ, ಎದೆಹಾಲು ಇರಲಿ. ರಾತ್ರಿಯೂ ಇರಲಿ. ಮಲಗುವ ಮುಂಚೆ ಪೇಸ್ಟ್ ಹಚ್ಚಿ ಹಲ್ಲು ತಿಕ್ಕಿ, ಆಮೇಲೆ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಕುಡಿದು ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಬಿಡಿಸಿದರೆ ಸಾಕು. ಬಾಟಲಿಯಲ್ಲಿ ಸಿಹಿ ಹಾಲು, ಜ್ಯೂಸು ಹಾಕಿ ಕೈಗೆ ಕೊಟ್ಟು ಮಲಗಿಸುವುದಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನಿ. ನಮ್ಮ ಹಲ್ಲಿನವರಲ್ಲೇ ಕೆಲವರು ಇದನ್ನು ಒಪ್ಪದಿರಬಹುದು. ಹಲ್ಲಿಗೆ ಚಿಕಿತ್ಸೆ ಇದೆ, ಕಳೆದುಹೋದ ಆ ಸಾವಿರ ದಿನಕ್ಕೆ ಇಲ್ಲ, ನಾನು ತೂಗುವುದು ಹೀಗೆ.

ಪೇಸ್ಟ್ ಬಗ್ಗೆ ಇಷ್ಟು. ಮೊದಲ ಹಲ್ಲು ಕಂಡ ದಿನದಿಂದಲೇ ದಿನಕ್ಕೆರಡು ಸಲ, ಮೆತ್ತಗಿನ ಚಿಕ್ಕ ಬ್ರಷ್ಷಿನಲ್ಲಿ. ಫ್ಲೋರೈಡ್ ಕನಿಷ್ಠ 1000 ಪಿಪಿಎಂ ಇರುವ ಪೇಸ್ಟ್ ಬೇಕು, ಟ್ಯೂಬಿನ ಮೇಲೆ ಬರೆದಿರುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. 'ನುಂಗಿಬಿಟ್ಟರೆ?' ಅಂತ ಎಲ್ಲರೂ ಕೇಳುತ್ತಾರೆ. ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿರುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ, ಅಷ್ಟನ್ನು ನುಂಗಿದರೂ ಏನಾಗುವುದಿಲ್ಲ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕುವುದೇ ತಪ್ಪು. ದೊಡ್ಡ ಮಕ್ಕಳಾದರೆ ಉಗುಳಿದರೆ ಸಾಕು, ನೀರಲ್ಲಿ ಚೆನ್ನಾಗಿ ಮುಕ್ಕಳಿಸಿದರೆ ಕೆಲಸ ಮಾಡಬೇಕಾದ ಫ್ಲೋರೈಡೂ ಹೋಗುತ್ತದೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಕಡೆ ಮಾತ್ರ ಪೇಸ್ಟ್ ಬಗ್ಗೆ ದಂತವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ. ತಿಕ್ಕುವುದು ದೊಡ್ಡವರ ಕೆಲಸ, ಮಗುವಿಗೆ ಏಳೆಂಟು ವರ್ಷ ಆಗುವವರೆಗೂ. ಕೈಗೆ ಬ್ರಷ್ ಕೊಟ್ಟು 'ನೀನೇ ತಿಕ್ಕೋ ಜಾಣ' ಅಂದರೆ ಅದು ಬ್ರಷ್ ಚೀಪುತ್ತದೆ, ಅಷ್ಟೇ.

ಈಗ ಕಲಿಸುವುದು ಹೇಗೆ. ಅರ್ಧ ಗಂಟೆ ಸಿಗುತ್ತದೆ ಅಂದಿರಿ. ಅದರಲ್ಲಿ ಇಪ್ಪತ್ತು ನಿಮಿಷ ಚಾರ್ಟ್ ತೋರಿಸಿ ಭಾಷಣ ಮಾಡುವುದನ್ನು ಬಿಟ್ಟುಬಿಡಿ. ಭಾಷಣಕ್ಕೆ ಮುಂಚೆ ಹತ್ತು ಪ್ರಶ್ನೆ, ಭಾಷಣ ಆದ ಮೇಲೆ ಅದೇ ಹತ್ತು ಪ್ರಶ್ನೆ, ಅಂಕ ಏರಿತು, ತರಬೇತಿ ಯಶಸ್ವಿ ಅಂತ ವರದಿ. ಇಂಥವು ಬೇಕಾದಷ್ಟು ನೋಡಿದ್ದೇನೆ. 'ಸಕ್ಕರೆ ಹಲ್ಲಿಗೆ ಕೆಟ್ಟದ್ದಾ?' ಅಂದರೆ ಯಾವ ತಾಯಿ ಇಲ್ಲ ಅಂತಾರೆ? ಗೊತ್ತಿರುವುದು ಬೇರೆ, ಸುಸ್ತಾಗಿ ಮನೆಗೆ ಬಂದ ರಾತ್ರಿ ಅಳುವ ಮಗುವನ್ನು ಹಿಡಿದು ತಿಕ್ಕುವುದು ಬೇರೆ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಕೆನಡಾದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ತಾಯಂದಿರು, 6ರಿಂದ 18 ತಿಂಗಳ 240 ಮಕ್ಕಳು. ಒಂದು ಗುಂಪಿಗೆ ಕರಪತ್ರ ಮತ್ತು ವಿಡಿಯೊ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಮುಕ್ಕಾಲು ಗಂಟೆ ಮಾತುಕತೆ, ಆಮೇಲೆ ಆರು ಫೋನ್ ಕರೆ. ಮಾತುಕತೆ ಅಂದರೆ ಉಪದೇಶವಲ್ಲ. ಮಗುವಿನ ಹಲ್ಲು ಹೇಗಿರಬೇಕು ಅಂತ ನಿಮಗೆ ಆಸೆ, ಇದರಲ್ಲಿ ನಿಮ್ಮಿಂದ ಏನೇನು ಆಗುತ್ತದೆ ಅಂತ ಕೇಳಿ, ಆಯ್ಕೆಯನ್ನು ಆಕೆಗೇ ಬಿಡುವುದು. ವರ್ಷದ ನಂತರ ಮೊದಲ ಗುಂಪಿನ ಮಕ್ಕಳಲ್ಲಿ ಸರಾಸರಿ 1.91 ಹೊಸ ಹುಳುಕು, ಎರಡನೆಯದರಲ್ಲಿ 0.71. ಆಮೇಲೆ ಇದೇ ವಿಧಾನ ಬಳಸಿದ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಒಳ್ಳೆ ಫಲ ಬಂದಿಲ್ಲ, ಅದನ್ನೂ ಹೇಳಬೇಕು. ಆದರೂ ಬರೀ ಕರಪತ್ರ ಕೊಟ್ಟು ಕಳಿಸುವುದರಿಂದ ಏನೂ ಆಗುವುದಿಲ್ಲ ಅನ್ನುವುದನ್ನು ನಾನು ದಿನಾ ನೋಡುತ್ತೇನೆ.

ನಿಮಗೆ ಪ್ರತಿಯೊಬ್ಬರ ಜೊತೆ ಮುಕ್ಕಾಲು ಗಂಟೆ ಕೂರಲು ಆಗುವುದಿಲ್ಲ, ಗೊತ್ತು. ಆದರೆ ಎತ್ತರ ಅಳೆಯುವಾಗ ಮಗು ಹೇಗೂ ನಿಮ್ಮ ಕೈಯಲ್ಲೇ ಇರುತ್ತದಲ್ಲ? ಅಳತೆ ಮುಗಿದ ತಕ್ಷಣ ತಾಯಿ ಮತ್ತು ನೀವು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರು ಬದರು ಕೂರಿ. ಮಗು ಆಕೆಯ ಕಡೆ ಮುಖ ಮಾಡಿ ಆಕೆಯ ಸೊಂಟಕ್ಕೆ ಕಾಲು ಹಾಕಿಕೊಂಡಿರಲಿ, ಹಾಗೇ ಹಿಂದಕ್ಕೆ ಒರಗಿಸಿ ತಲೆಯನ್ನು ನಿಮ್ಮ ತೊಡೆಯ ಮೇಲೆ ತೆಗೆದುಕೊಳ್ಳಿ. ಅಳುತ್ತದೆ, ಅಳಲಿ. ಅತ್ತರೆ ಬಾಯಿ ತಾನಾಗೇ ತೆರೆಯುತ್ತದೆ, ನಮಗೆ ಅದೇ ಬೇಕಿತ್ತು. ಈಗ ಮೇಲ್ದುಟಿಯನ್ನು ಎತ್ತಿ. ನೀವಲ್ಲ, ತಾಯಿಯ ಬೆರಳಿನಿಂದಲೇ ಎತ್ತಿಸಿ. ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಇದೆಯಾ ನೋಡಿ. ಹುಳುಕಿನ ಮೊದಲ ಗುರುತು ಅದು. ಈ ಹಂತದಲ್ಲಿ ತೂತು ಬಿದ್ದಿರುವುದಿಲ್ಲ. ಪೇಸ್ಟ್ ಹಚ್ಚಿ ದಿನಾ ತಿಕ್ಕಿ, ಸಿಹಿ ಕಡಿಮೆ ಮಾಡಿದರೆ ಅಲ್ಲಿಗೇ ನಿಲ್ಲಿಸಬಹುದು. ಒಮ್ಮೆ ತನ್ನ ಕಣ್ಣಾರೆ ಆ ಗೆರೆ ನೋಡಿದ ತಾಯಿಗೆ ನೀವು ಮತ್ತೆ ಹೇಳಿಕೊಡಬೇಕಾದ್ದು ಜಾಸ್ತಿ ಇರುವುದಿಲ್ಲ. ತಿಂಗಳಿಗೊಮ್ಮೆ ಮನೆಯಲ್ಲೂ ಹೀಗೆ ತುಟಿ ಎತ್ತಿ ನೋಡಿ ಅನ್ನಿ.

ಒಂದು ಭೇಟಿಗೆ ಒಂದೇ ಮಾತು. ಹಲ್ಲು ಬರುವ ಮುಂಚಿನ ಮಗುವಿಗೆ ಬಾಟಲಿ, ಜೇನು, ಸಕ್ಕರೆ ನೀರು ಬೇಡ ಅನ್ನುವುದು. ಜೇನು ಹಲ್ಲಿಗೆ ಮಾತ್ರವಲ್ಲ, ವರ್ಷ ತುಂಬದ ಮಗುವಿಗೆ ಬೊಟುಲಿಸಂ ಅನ್ನುವ, ಸ್ನಾಯುಗಳ ಬಲವನ್ನೇ ಕುಗ್ಗಿಸುವ ಕಾಯಿಲೆಯ ಅಪಾಯವನ್ನೇ ತರಬಹುದು. ಮೊದಲ ಹಲ್ಲಿಗೆ ಬ್ರಷ್ ಹಿಡಿಯುವುದು, ವರ್ಷ ತುಂಬುವಾಗ ಬಾಟಲಿ ಬಿಟ್ಟು ಲೋಟಕ್ಕೆ ಬರುವುದು, ದವಡೆ ಹಲ್ಲು ಬಂದಾಗ ಹಿಂದಿನವರೆಗೂ ಬ್ರಷ್ ತಲುಪಿಸುವುದು. ಲಸಿಕೆ, ತೂಕ ಅಂತ ಬಂದಾಗೆಲ್ಲ ಒಂದೊಂದು ಹೇಳಿದರೆ ಎರಡು ವರ್ಷದಲ್ಲಿ ಎಲ್ಲ ಹೇಳಿದ ಹಾಗಾಯಿತು. ಹೇಳಿದ ಮೇಲೆ 'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. 'ಮನೆಗೆ ಹೋಗಿ ಅತ್ತೆಗೆ ಇದನ್ನು ಹೇಗೆ ಹೇಳ್ತೀರಿ, ಒಮ್ಮೆ ನನಗೇ ಹೇಳಿ ತೋರಿಸಿ' ಅನ್ನಿ. ಎಲ್ಲಿ ತಪ್ಪಿತು ಅಂತ ಆಗ ಗೊತ್ತಾಗುತ್ತದೆ. ಎಷ್ಟೋ ಸಲ ತಪ್ಪಿರುವುದು ನಾವು ಹೇಳಿದ ರೀತಿಯಲ್ಲೇ. ಕೊನೆಗೆ ಇನ್ನೊಂದು ಪ್ರಶ್ನೆ: 'ಇವತ್ತು ರಾತ್ರಿ ತಿಕ್ಕುವುದು ಯಾರು?' ಹೆಸರು ಬರಬೇಕು. ಅಪ್ಪನೋ ಅಜ್ಜಿಯೋ ಆದರೂ ಸರಿ. ಅಳುವ ಮಗುವಿಗೆ ಬಿಸ್ಕತ್ತು ಕೊಡುವ ಕೈ ಬಹಳ ಸಲ ತಾಯಿಯದ್ದಲ್ಲ, ಮನೆಯ ಬೇರೆಯವರದ್ದು. ಅವರನ್ನೂ ಒಮ್ಮೆ ಕರೆಸಿ ಕೂರಿಸಿ, ತಾಯಿ ಒಬ್ಬರನ್ನೇ ಕೂರಿಸಿ ಪಾಠ ಮಾಡಿದರೆ ತಪ್ಪೆಲ್ಲ ಆಕೆಯದ್ದೇ ಅಂತ ಆಗಿಬಿಡುತ್ತದೆ.

ತಪ್ಪು ಹೊರಿಸುವ ಮಾತು ಬಂತಲ್ಲ. ಮಗು ಗಿಡ್ಡ ಅಂತ ಈಗಾಗಲೇ ಹತ್ತು ಜನರಿಂದ ಹೇಳಿಸಿಕೊಂಡ ತಾಯಿಗೆ 'ಹಲ್ಲೂ ಹಾಳು ಮಾಡಿದ್ದೀರಿ' ಅಂದರೆ ಮುಂದಿನ ತಿಂಗಳು ಬರುವುದೇ ಇಲ್ಲ. ಎನಾಮೆಲ್ ತೆಳುವಾಗಿ ಬಂದಿರುವುದು ಆಕೆಯ ಸೋಮಾರಿತನದಿಂದ ಅಲ್ಲ, ಇದನ್ನು ಆಕೆಗೆ ಬಾಯಿ ಬಿಟ್ಟು ಹೇಳಿ. ಬಸುರಿಯರು ಸಿಕ್ಕರೆ ಅವರ ಬಾಯಿಯನ್ನೂ ವಿಚಾರಿಸಿ. ಒಸಡಲ್ಲಿ ರಕ್ತ ಬಂದರೆ ತಿಕ್ಕುವುದನ್ನು ನಿಲ್ಲಿಸಬಾರದು, ಹಲ್ಲುನೋವಿಗೆ ಬಸಿರಿನಲ್ಲೂ ಚಿಕಿತ್ಸೆ ಮಾಡಿಸಬಹುದು. ಹಲ್ಲು ನೋಯುವ ತಾಯಿಯೂ ಸರಿಯಾಗಿ ಉಣ್ಣುವುದಿಲ್ಲ ಅಲ್ವಾ.

ಇನ್ನು ಆ ಇಪ್ಪತ್ತು ತಿಂಗಳ ಮಗು. ಮೇಲಿನ ಮುಂದಿನ ಹಲ್ಲು ಕಂದಾಗಿರುವುದು ಬಹುತೇಕ ಹುಳುಕೇ ಇರಬೇಕು, ನೋಡದೆ ಖಚಿತ ಹೇಳಲಾರೆ. ಇದೊಂದು ವಿಷಯದಲ್ಲಿ ಮುಂದಿನ ತಿಂಗಳವರೆಗೆ ಕಾಯಬೇಡಿ, ಒಂದೆರಡು ವಾರದಲ್ಲಿ ದಂತವೈದ್ಯರಿಗೆ ತೋರಿಸಲಿ. 'ಬಿದ್ದು ಹೋಗುವ ಹಲ್ಲು ತಾನೇ' ಅಂತ ಯಾರಾದರೂ ಅಂದರೆ, ಹಿಂದಿನ ಹಾಲುಹಲ್ಲು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ ಅನ್ನಿ, ಮುಂದಿನದರಲ್ಲಿ ಶುರುವಾದ ಹುಳುಕು ಅಲ್ಲಿಗೂ ಹೋಗಬಹುದು. ಇಂಜೆಕ್ಷನ್, ಡ್ರಿಲ್ ಅಂತ ತಾಯಿ ಹೆದರಬೇಕಿಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಫ್ಲೋರೈಡ್ ವಾರ್ನಿಷ್ ಬಳಿಯಬಹುದು, ಅಥವಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವವನ್ನು ಹುಳುಕಿಗೆ ಒಂದೆರಡು ನಿಮಿಷದಲ್ಲಿ ಹಚ್ಚಿಬಿಡಬಹುದು. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿಸಿದೆ. ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಚೆನ್ನಾಗಿದೆ, ಆದರೆ ಹಚ್ಚಿದ ಜಾಗ ಕಪ್ಪಾಗುತ್ತದೆ, ಹಾಗೇ ಉಳಿಯುತ್ತದೆ. ಇದನ್ನು ಮೊದಲೇ ಹೇಳಿ. ಆಮೇಲೆ ನೋಡಿ ಗಾಬರಿಯಾದ ತಾಯಂದಿರು ಬಹಳ ಜನ. ಕೆನ್ನೆ ಊದಿದರೆ, ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ, ಜ್ವರ ಬಂದು ಮಗು ನೀರೂ ಕುಡಿಯದಿದ್ದರೆ ಅದೇ ದಿನ ಆಸ್ಪತ್ರೆಗೆ.

ಅಲ್ಲಿಯವರೆಗೆ ಊಟ ನಿಲ್ಲದ ಹಾಗೆ ನೋಡಿಕೊಳ್ಳಿ. ತೀರಾ ಬಿಸಿ, ತೀರಾ ತಣ್ಣಗಿನದ್ದು ಬೇಡ, ಉಗುರು ಬೆಚ್ಚಗೆ, ಮೆತ್ತಗೆ ಹಿಸುಕಿ, ಎಣ್ಣೆ ಬೆರೆಸಿ ಕೊಡಲಿ. ಕಂದು ಹಲ್ಲನ್ನೂ ತಿಕ್ಕಬೇಕು, 'ನೋಯುತ್ತೆ' ಅಂತ ಬಿಟ್ಟರೆ ಇನ್ನೂ ಕೆಡುತ್ತದೆ.

ಹಾಂ, ಒಂದು ಮರೆತಿದ್ದೆ. ಆ ಮಗುವಿಗೆ ಕಬ್ಬಿಣದ ಸಿರಪ್ ನಡೆಯುತ್ತಿದೆಯಾ ಅಂತ ಕೇಳಿ ನೋಡಿ. ಅದರಿಂದಲೂ ಹಲ್ಲಿನ ಮೇಲೆ ಕಪ್ಪು, ಕಂದು ಕಲೆ ಕೂರುತ್ತದೆ. ಅದು ಹುಳುಕಲ್ಲ, ಮೇಲಿನ ಬಣ್ಣ ಮಾತ್ರ, ದಂತವೈದ್ಯರು ಉಜ್ಜಿ ತೆಗೆಯಬಹುದು. ಹಲ್ಲು ಕಪ್ಪಾಯಿತು ಅಂತ ಸಿರಪ್ ನಿಲ್ಲಿಸಿದವರನ್ನು ನೋಡಿದ್ದೇನೆ, ಹಾಗೆ ಮಾಡುವುದು ಬೇಡ. ಹನಿ ಹಾಕುವಾಗ ನಾಲಿಗೆಯ ಹಿಂಭಾಗಕ್ಕೆ, ಕೆನ್ನೆಯ ಒಳಬದಿಗೆ ಬೀಳುವ ಹಾಗೆ ಹಾಕಿ, ಮೇಲೆ ಎರಡು ಗುಟುಕು ನೀರು ಕುಡಿಸಲಿ. ಮಲಗುವಾಗ ಕೊಡುವ ಅಭ್ಯಾಸ ಇದ್ದರೆ ಅದನ್ನು ಸಂಜೆಗೆ, ಬ್ರಷ್ ಮಾಡುವುದಕ್ಕಿಂತ ಮುಂಚೆಗೆ ತಂದುಕೊಳ್ಳಲಿ.